ಎರಡು ಬೆರಳಗಲದ ಚೀಟಿಯಲ್ಲಿ ಕಲ್ಯಾಣ ಕರ್ನಾಟಕದ ಕಲ್ಲು

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಕಲ್ಯಾಣ ಕರ್ನಾಟಕವೆಂದರೆ ಹಂಪಿ, ಅದು ಬಿಟ್ಟರೆ ಬೀದರ್ ಮತ್ತು ಕಲಬುರಗಿಯ ಕೋಟೆಗಳು ಎಂದಷ್ಟೇ ಹೊರಗಿನವರು ತಿಳಿದಿರುತ್ತಾರೆ. ಹೆಚ್ಚು ಜನ ನೋಡದ ಎಂಟು ಸ್ಥಳಗಳನ್ನು ಆರಿಸಿ ಅಂಚೆಚೀಟಿಗಳ ಸರಣಿಯೊಂದನ್ನು ರಚಿಸಬೇಕೆಂದಿದ್ದೇನೆ: ಇಟಗಿ, ಹಿರೇಬೆಣಕಲ್, ಮಸ್ಕಿ, ಸನ್ನತಿ, ರಾಯಚೂರು ಕೋಟೆ, ಮುದಗಲ್, ಮಳಖೇಡ ಮತ್ತು ಬೀದರಿನ ಕರೇಜ್ ಎಂಬ ನೆಲದಡಿಯ ನೀರಿನ ಕಾಲುವೆ. ಜಲವರ್ಣದ ಚಿತ್ರಗಳು ದೊಡ್ಡದಾಗಿ ನೋಡಿದಾಗ ಚೆನ್ನಾಗಿವೆ. ಚೀಟಿಯ ಅಳತೆಗೆ ಇಳಿಸಿದರೆ ಎಲ್ಲವೂ ಒಂದೇ ತೆರನಾಗಿ ಕಾಣುತ್ತವೆ. ಎಲ್ಲಿ ತಪ್ಪಾಗಿದೆ? ಇವು ನಿಜವಾದ ಅಂಚೆಚೀಟಿಗಳಾಗಲು ಯಾವ ದಾರಿಯಿದೆ?

ಉತ್ತರ: ನಿಮ್ಮ ಎಂಟೂ ಚಿತ್ರಗಳನ್ನು ಮೊದಲು ದೊಡ್ಡದಾಗಿ ನೋಡಿದೆ. ಆಮೇಲೆ ಚೀಟಿಯ ಅಳತೆಗೆ ಇಳಿಸಿ ಮುದ್ರಿಸಿ, ಕತ್ತರಿಸಿ, ಬಿಳಿಯ ಲಕೋಟೆಗಳ ಬಲ ಮೂಲೆಗೆ ಅಂಟಿಸಿ, ಮೇಜಿನ ಆಚೆ ಬದಿಗಿಟ್ಟು ನೋಡಿದೆ. ನಿಮ್ಮ ಕೈಯಲ್ಲಿ ದೋಷವಿಲ್ಲ. ಇಟಗಿಯ ಗುಡಿಯ ಮೇಲೆ ಬಿದ್ದ ಇಳಿಹೊತ್ತಿನ ಬಿಸಿಲನ್ನು ನೀರುಬಣ್ಣದಲ್ಲಿ ಹಾಗೆ ಹಿಡಿಯುವುದು ಎಲ್ಲರಿಗೂ ಸಾಧ್ಯವಾಗುವ ಕೆಲಸವಲ್ಲ. ತಪ್ಪಿರುವುದು ಏನನ್ನು ಬರೆಯಬೇಕೆಂಬ ಆಯ್ಕೆಯಲ್ಲಿ. ಎಂಟರಲ್ಲಿ ಏಳು ಚಿತ್ರಗಳು ದೂರದಿಂದ ಕಂಡ ನೋಟಗಳು: ಮೇಲೆ ಆಕಾಶ, ನಡುವೆ ಕಟ್ಟಡ ಅಥವಾ ಗುಡ್ಡ, ಕೆಳಗೆ ನೆಲ, ಒಂದು ಬದಿಗೆ ಮರ. ಈ ಏಳನ್ನೂ ಕುಗ್ಗಿಸಿದಾಗ ಉಳಿಯುವುದು ನೀಲಿಯ ಕೆಳಗೊಂದು ಕಂದು ಪಟ್ಟಿ ಮಾತ್ರ.

ಹೆಸರಾದ ಸ್ಥಳಕ್ಕೆ ನೋಟವೊಂದೇ ಸಾಕಾಗುತ್ತದೆ. ಹಂಪಿಯ ಕಲ್ಲಿನ ರಥವನ್ನು ಉಗುರಿನಷ್ಟು ಚಿಕ್ಕದಾಗಿ ಬರೆದರೂ ನೋಡುವವರು ತಮ್ಮ ನೆನಪಿನಿಂದ ಅದನ್ನು ತುಂಬಿಕೊಳ್ಳುತ್ತಾರೆ. ಸನ್ನತಿಗೆ ಅಂಥ ನೆನಪು ಯಾರ ಮನಸ್ಸಿನಲ್ಲಿಯೂ ಇಲ್ಲ. ಹೀಗಾಗಿ ಹೆಚ್ಚು ಜನಕ್ಕೆ ಗೊತ್ತಿಲ್ಲದ ಊರನ್ನು ಚೀಟಿಯಲ್ಲಿ ತರುವಾಗ ಆ ಊರು ಹೇಗೆ ಕಾಣುತ್ತದೆ ಎಂಬುದನ್ನು ಬಿಟ್ಟು, ಆ ಊರಲ್ಲಿ ಮಾತ್ರ ಇರುವುದು ಯಾವುದು ಎಂಬುದನ್ನು ಹುಡುಕಬೇಕು. ಸಿಕ್ಕ ಆ ಒಂದನ್ನು ಚೌಕಟ್ಟಿನ ತುಂಬ ಬರೆಯಬೇಕು. ನನ್ನ ಉತ್ತರದ ಮುಖ್ಯ ಮಾತು ಇದು. ಮುಂದೆ ಬರೆಯುವುದೆಲ್ಲ ಇದರ ವಿಸ್ತಾರ.

ಅಳತೆಯನ್ನು ಒಮ್ಮೆ ಲೆಕ್ಕ ಹಾಕೋಣ. ಭಾರತದ ಸ್ಮರಣಾರ್ಥ ಅಂಚೆಚೀಟಿಗಳಲ್ಲಿ ಬಹಳ ಬಳಕೆಯಲ್ಲಿರುವ ಅಳತೆ 2.90 × 3.91 ಸೆಂಟಿಮೀಟರ್. ಇದು ರಂಧ್ರದ ಅಂಚನ್ನೂ ಸೇರಿಸಿದ ಅಳತೆ. ಸುತ್ತಲಿನ ಬಿಳಿ ಅಂಚಿಗೆ ಎರಡೆರಡು ಮಿಲಿಮೀಟರ್ ಹೋಗುತ್ತದೆ. ದೇವನಾಗರಿಯಲ್ಲಿ ಭಾರತ ಎಂಬ ಹೆಸರು, ರೋಮನ್ ಲಿಪಿಯಲ್ಲಿ ಇಂಡಿಯಾ ಎಂಬ ಹೆಸರು, ಅಂಕಿಗಳಲ್ಲಿ ಮುಖಬೆಲೆ, ಇಸವಿ, ಹಿಂದಿ ಮತ್ತು ಇಂಗ್ಲಿಷಿನಲ್ಲಿ ಸ್ಥಳದ ಹೆಸರು, ಇವಿಷ್ಟೂ ಬರಲೇಬೇಕು. ದೇಶದ ಹೆಸರು ರೋಮನ್ ಲಿಪಿಯಲ್ಲಿರಬೇಕೆಂಬುದು ವಿಶ್ವ ಅಂಚೆ ಒಕ್ಕೂಟದ ನಿಯಮವಾದ್ದರಿಂದ ಅದರಲ್ಲಿ ರಿಯಾಯಿತಿ ಸಿಗುವುದಿಲ್ಲ. ಇಷ್ಟೆಲ್ಲ ಕಳೆದ ಮೇಲೆ ಚಿತ್ರಕ್ಕೆ ಉಳಿಯುವ ಜಾಗ ಎರಡು ಬೆರಳನ್ನು ಜೋಡಿಸಿ ಇಟ್ಟಷ್ಟು. ಆ ಜಾಗದಲ್ಲಿ ಆಕಾಶಕ್ಕೆ ಅರ್ಧ ಪಾಲು ಕೊಡುವಷ್ಟು ಧಾರಾಳತನ ನಮಗೆ ಸಲ್ಲದು.

ಈ ಪಾಠವನ್ನು ನಮ್ಮ ಅಂಚೆ ಇಲಾಖೆಯ ಹಳೆಯ ಚೀಟಿಗಳಲ್ಲಿಯೇ ಕಾಣಬಹುದು. 1949ರ ಆಗಸ್ಟ್ 15ರಂದು ಬಂದ ಪುರಾತತ್ವ ಸರಣಿಯಲ್ಲಿ 16 ಚೀಟಿಗಳಿದ್ದವು. ಅದರ ಆರಾಣೆಯ ಚೀಟಿಯಲ್ಲಿ ವಿಜಯಪುರದ ಗೋಳಗುಮ್ಮಟವಿತ್ತು. ಸಾಧ್ಯವಾದರೆ ಯಾರಾದರೂ ಸಂಗ್ರಾಹಕರ ಬಳಿ ಆ ಸರಣಿಯನ್ನು ಕೈಯಲ್ಲಿ ಹಿಡಿದು ನೋಡಿ. ಕಡಿಮೆ ಬೆಲೆಯ ಚೀಟಿಗಳಲ್ಲಿ ಕೊನಾರ್ಕದ ದೇವಾಲಯವಿಲ್ಲ, ಕೊನಾರ್ಕದ ಕುದುರೆಯೊಂದಿದೆ. ಅಜಂತೆಯ ಗುಡ್ಡವಿಲ್ಲ, ಅಜಂತೆಯ ಆನೆಯಿದೆ. ಒಂದೇ ಬಣ್ಣ, ಒಂದೇ ಆಕೃತಿ. ಎಪ್ಪತ್ತೈದು ವರ್ಷಗಳ ಮೇಲೆ, ಠಸ್ಸೆ ಬಿದ್ದು ಮಾಸಿದ ಪ್ರತಿಯಲ್ಲಿಯೂ ಆ ಕುದುರೆ ಕುದುರೆಯಾಗಿಯೇ ಕಾಣುತ್ತದೆ. ಅದೇ ಸರಣಿಯ ದೊಡ್ಡ ಕಟ್ಟಡಗಳ ಚೀಟಿಗಳು ಹಾಗೆ ಉಳಿದಿಲ್ಲವೆಂದು ನನ್ನ ಅಭಿಪ್ರಾಯ.

ನನ್ನದೇ ಅನುಭವವೊಂದನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ, ಅಂಚೆ ಇಲಾಖೆ ಒಂದು ಸಂದರ್ಭಕ್ಕೆಂದೇ ಹೊರತರುವ ವಿಶೇಷ ಲಕೋಟೆಗಳಲ್ಲಿ ನಾಲ್ಕಕ್ಕೆ ಕೋಟೆಗಳ ಚಿತ್ರ ಬರೆದುಕೊಟ್ಟೆ. ನಾಲ್ಕನ್ನೂ ಛಾಯಾಚಿತ್ರ ನೋಡಿ ಬರೆದಿದ್ದೆ, ಒಂದೊಂದಕ್ಕೂ ವಾರಗಟ್ಟಲೆ ಕೂತಿದ್ದೆ, ಗೋಡೆಯ ಕಲ್ಲುಕಲ್ಲನ್ನೂ ಬಿಡಿಸಿದ್ದೆ. ಮುದ್ರಣವಾಗಿ ಬಂದಾಗ ಯಾವುದು ಯಾವ ಕೋಟೆಯೆಂದು ಬರೆದ ನಾನೇ ಕೆಳಗಿನ ಹೆಸರು ಓದಿ ಗುರುತಿಸಬೇಕಾಯಿತು. ಮುದ್ರಣದವರ ತಪ್ಪು ಏನೂ ಇರಲಿಲ್ಲ. ಆ ನಾಲ್ಕರಲ್ಲಿ ಒಂದು ಕೋಟೆಗೂ ನಾನು ಹೋಗಿರಲಿಲ್ಲ. ಹೋಗಿದ್ದರೆ ಒಂದರ ಬಾಗಿಲ ಮೊಳೆಗಳು, ಇನ್ನೊಂದರ ತೋಪಿನ ಬಾಯಿ, ಹೀಗೆ ಬೇರೆ ಬೇರೆ ನಾಲ್ಕು ಸಂಗತಿಗಳು ಕಣ್ಣಿಗೆ ಬೀಳುತ್ತಿದ್ದವು. ಅಂದಿನಿಂದ ಸ್ಥಳಕ್ಕೆ ಹೋಗಿ ಅರ್ಧ ದಿನವಾದರೂ ಕೂರದೆ ಗೆರೆ ಎಳೆಯುವುದನ್ನು ಬಿಟ್ಟಿದ್ದೇನೆ.

ಬಿಡಿ ಚೀಟಿಗಳಿಗಿಂತ ಮೊದಲು ಸರಣಿಯ ಮಾತು ಬರುತ್ತದೆ. ನಿಮ್ಮ ಪಟ್ಟಿಯಲ್ಲಿ ಗುಡಿಯಿದೆ, ಕೋಟೆಯಿದೆ, ಸಮಾಧಿಗುಡ್ಡವಿದೆ, ನೀರಿನ ಸುರಂಗವಿದೆ. ಎಲ್ಲವೂ ಒಳ್ಳೆಯವೇ, ಆದರೆ ಅವನ್ನು ಕೂಡಿಸಿರುವ ದಾರ 'ಹೆಚ್ಚು ಜನ ನೋಡದ್ದು' ಎಂಬುದೊಂದೇ. ಅದು ನಮ್ಮ ಅಳಲು. ಆ ಸ್ಥಳಗಳ ಗುಣವಲ್ಲ. 2003ರಲ್ಲಿ ಭಾರತದ ಜಲಪಾತಗಳ ನಾಲ್ಕು ಚೀಟಿಗಳು ಬಂದವು: ನಮ್ಮ ಜೋಗ, ಕೇರಳದ ಅದಿರಪಳ್ಳಿ, ಮಸ್ಸೂರಿಯ ಕೆಂಪ್ಟಿ ಮತ್ತು ಬಿಹಾರದ ಕಕೋಲತ್. ಜೋಗವನ್ನು ಅರಿಯದವರಿಲ್ಲ; ಕಕೋಲತ್ ಎಂಬ ಹೆಸರನ್ನು ನಾನು ಮೊದಲು ಓದಿದ್ದೇ ಆ ಚೀಟಿಯಲ್ಲಿ. ಬೀಳುವ ನೀರು ಎಂಬ ಒಂದೇ ದಾರದಲ್ಲಿ ಪೋಣಿಸಿದ್ದರಿಂದ ಅರಿಯದ ಹೆಸರು ಅರಿತ ಹೆಸರಿನ ಪಕ್ಕದಲ್ಲಿ ಸಮನಾಗಿ ನಿಂತಿತು. ನಿಮ್ಮ ಸರಣಿಗೂ ಅಂಥದೊಂದು ದಾರ ಬೇಕು, ಮತ್ತು ಅದು ನಿಮ್ಮ ನೆಲದಿಂದಲೇ ಹುಟ್ಟಬೇಕು.

ನಿಮ್ಮ ಪಟ್ಟಿಯನ್ನು ಮತ್ತೆ ಮತ್ತೆ ಓದುವಾಗ ನನಗೆ ಕಂಡದ್ದು ಇದು: ಕಲ್ಯಾಣ ಕರ್ನಾಟಕದಲ್ಲಿ ಕಲ್ಲು ಮಾತಾಡುತ್ತದೆ. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ಒಂದು ಕಡೆ ಕಲ್ಲಿನ ಮೇಲೆ ರಾಜನ ಹೆಸರಿದೆ, ಒಂದು ಕಡೆ ಅವನ ಚಿತ್ರವಿದೆ, ಒಂದು ಕಡೆ ಕಲ್ಲೊಂದನ್ನು ಸಾಗಿಸಿದ ಕಥೆಯನ್ನು ಗೋಡೆಯ ಮೇಲೆಯೇ ಕೊರೆದಿದ್ದಾರೆ, ಒಂದು ಕಡೆ ಕಲ್ಲಿನ ಹೆಣ್ಣು ಶಾಸನ ಬರೆಯುತ್ತಿದ್ದಾಳೆ, ಮತ್ತೊಂದು ಕಡೆ ಕಲ್ಲನ್ನು ಬಡಿದರೆ ನಗಾರಿಯಂತೆ ದನಿ ಹೊರಡುತ್ತದೆ. 'ಮಾತಾಡುವ ಕಲ್ಲು' ಎಂದು ಸರಣಿಗೆ ಹೆಸರಿಟ್ಟರೆ ನಿಮ್ಮ ಎಂಟರಲ್ಲಿ ಐದು ಉಳಿಯುತ್ತವೆ, ಹೊರಗಿನಿಂದ ಎರಡು ಸೇರುತ್ತವೆ, ಮೂರು ಬಿಟ್ಟುಹೋಗುತ್ತವೆ. ಒಂದೊಂದನ್ನೇ ನೋಡೋಣ.

ಮಸ್ಕಿಯಿಂದಲೇ ಸರಣಿ ಆರಂಭವಾಗಲಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ನಿಕ್ಷೇಪ ಹುಡುಕುತ್ತಾ ಹೋದಾಗ ಕಂಡ ಬಂಡೆಯ ಬರಹ ಅದು. ಅಲ್ಲಿಯವರೆಗೆ ದೊರೆತ ಶಾಸನಗಳಲ್ಲಿ ರಾಜ 'ದೇವರಿಗೆ ಪ್ರಿಯನಾದವನು', 'ಪ್ರಿಯದರ್ಶಿ' ಎಂದಷ್ಟೇ ಕರೆದುಕೊಂಡಿದ್ದ. ಅವನು ಅಶೋಕನೇ ಎಂಬುದನ್ನು ಹೆಸರು ಹಿಡಿದು ಹೇಳಿದ ಮೊದಲ ಕಲ್ಲು ಮಸ್ಕಿಯದು. ಆಮೇಲೆ ಹೆಸರಿರುವ ಶಾಸನಗಳು ಮಧ್ಯಪ್ರದೇಶದ ಗುಜರ್ರಾದಲ್ಲಿ, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೇಗೋಳದಲ್ಲಿ ಸಿಕ್ಕವು. ಅಂದರೆ ಆ ಹೆಸರನ್ನು ಕಾಪಾಡಿಕೊಂಡು ಬಂದ ನಾಲ್ಕು ಊರುಗಳಲ್ಲಿ ಮೂರು ನಿಮ್ಮ ಸೀಮೆಯವು. ನೀವು ಬರೆದಿರುವುದು ಮಸ್ಕಿಯ ಬೆಟ್ಟ ಮತ್ತು ಅದರ ಕೆಳಗಿನ ಶಾಸನದ ರಕ್ಷಣೆಗೆ ಹಾಕಿದ ಕಟ್ಟಡವನ್ನು. ಅದನ್ನು ಬಿಡಿ. 'ಅಸೋಕಸ' ಎಂಬ ನಾಲ್ಕು ಬ್ರಾಹ್ಮಿ ಅಕ್ಷರಗಳನ್ನು ಮಾತ್ರ ತೆಗೆದುಕೊಂಡು, ಒರಟು ಬಂಡೆಯ ಮೈಮೇಲೆ ಚೌಕಟ್ಟಿನ ಈ ತುದಿಯಿಂದ ಆ ತುದಿಗೆ ಬರೆಯಿರಿ. ಮೂರನೆಯ ಅಕ್ಷರವಾದ ಕಕಾರ ನಮ್ಮ ಗಣಿತದ ಕೂಡಿಸುವ ಗುರುತಿನ ಹಾಗೆಯೇ ಇದೆ. ಓದಲು ಬಾರದ ಮಗುವೂ ಅದನ್ನು ಬೆರಳಿಟ್ಟು ತೋರಿಸಬಲ್ಲದು. ಅಕ್ಷರಗಳನ್ನು ಅಚ್ಚಿನ ಅಕ್ಷರದ ಹಾಗೆ ತಿದ್ದಿ ನೇರ ಮಾಡಬೇಡಿ. ಉಳಿ ತುಸು ಜಾರಿದ ಕಡೆ ಜಾರಿರಲಿ.

ಸನ್ನತಿಗೆ ಬಂದರೆ ಅದೇ ರಾಜ ಮುಖ ತೋರಿಸುತ್ತಾನೆ. ಭೀಮಾ ದಂಡೆಯ ಈ ಊರಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಛಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವೆಂದು ಗೊತ್ತಾಯಿತು. ಹತ್ತಿರದ ಕನಗನಹಳ್ಳಿಯಲ್ಲಿ ಆಮೇಲೆ ನಡೆದ ಉತ್ಖನನದಲ್ಲಿ ಬೌದ್ಧ ಸ್ತೂಪವೊಂದರ ಅವಶೇಷಗಳ ನಡುವೆ, ರಾಜ ಮತ್ತು ರಾಣಿ, ಜೊತೆಯಲ್ಲಿ ಛತ್ರ ಚಾಮರ ಹಿಡಿದ ಪರಿಚಾರಿಕೆಯರಿರುವ ಫಲಕ ದೊರೆಯಿತು. ಅದರ ಮೇಲೆ ಬ್ರಾಹ್ಮಿಯಲ್ಲಿ 'ರಾಯ ಅಸೋಕೊ' ಎಂದು ಬರೆದಿದೆ. ಚಿತ್ರದ ಜೊತೆಗೆ ಹೆಸರೂ ಇರುವುದರಿಂದ ಆ ಫಲಕದ ಬೆಲೆ ದೊಡ್ಡದು. ನೀವು ಬರೆದಿರುವ ನದಿ ದಂಡೆಯ ದೇವಾಲಯದ ನೋಟದಲ್ಲಿ ಈ ಕಥೆಯ ಸುಳಿವೇ ಇಲ್ಲ. ಫಲಕದಲ್ಲಿನ ರಾಜ ರಾಣಿಯರ ಮೇಲರ್ಧ, ಛತ್ರ, ಮೇಲಿನ ಅಕ್ಷರದ ಸಾಲು, ಇಷ್ಟು ಸಾಕು. ಕಲ್ಲು ಎಲ್ಲಿ ಒಡೆದಿದೆಯೋ ಆ ಬಿರುಕನ್ನೂ ಬರೆಯಿರಿ. ಒಡೆದದ್ದನ್ನು ಕೂಡಿಸಿ ಹೊಸದು ಮಾಡಿ ತೋರಿಸುವ ಅಧಿಕಾರ ಚಿತ್ರಕಾರರಿಗಿಲ್ಲವೆಂದು ನಾನು ನಂಬಿದ್ದೇನೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಸ್ಕ್ಯಾನ್ ಮಾಡಿ ಪುಟ ಜೋಡಿಸುವಾಗ ಚಿತ್ರ ಎಡಬಲವಾಗಿ ತಿರುಗುವುದು ಎಷ್ಟು ಸುಲಭವೆಂದರೆ, ನಾನು ಮೇಲೆ ಹೊಗಳಿದ 1949ರ ಸರಣಿಯಲ್ಲಿಯೇ ಒಂದಾಣೆಯ ಬೋಧಿಸತ್ತ್ವ ಕನ್ನಡಿಯಲ್ಲಿ ಕಂಡಂತೆ ತಿರುಗಿ ಮುದ್ರಣವಾಗಿತ್ತು. 1950ರಲ್ಲಿ ಅದನ್ನು ಸರಿಪಡಿಸಿದ ಚೀಟಿ ಬಂತು. ಬ್ರಾಹ್ಮಿ ಅಕ್ಷರಗಳಿರುವ ಚಿತ್ರ ತಿರುಗಿದರೆ ನೋಡಿದ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಮೂಲಚಿತ್ರದ ಅಂಚಿನಲ್ಲಿ, ಕತ್ತರಿಸಿ ಹೋಗುವ ಭಾಗದಲ್ಲಿ, 'ಎಡ' ಮತ್ತು 'ಬಲ' ಎಂದು ಕನ್ನಡದಲ್ಲಿಯೇ ಬರೆದಿಡಿ. ಅಕ್ಷರ ತಿರುಗಿದ್ದು ಆಗ ಕಣ್ಣಿಗೆ ಹೊಡೆಯುತ್ತದೆ.

ನನಗೆ ಎಲ್ಲಕ್ಕಿಂತ ಆಸೆ ಹುಟ್ಟಿಸಿದ ಸ್ಥಳ ರಾಯಚೂರು. ನೀವು ಕೋಟೆಯ ಬಾಗಿಲು ಮತ್ತು ಬುರುಜನ್ನು ಬರೆದಿದ್ದೀರಿ. ಅಂಥ ಬಾಗಿಲು ಮುದಗಲ್ಲಿನಲ್ಲಿಯೂ ಇದೆ, ಬೀದರಿನಲ್ಲಿಯೂ ಇದೆ. ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆಯಲ್ಲ, ಅದರ ಮುಂದೆ ನೀವು ನಿಂತಿರಬಹುದು. ಕಾಕತೀಯರ ಕಡೆಯವರು 1294ರಲ್ಲಿ ಕೋಟೆ ಕಟ್ಟಿಸಿದ ವಿಷಯ ಆ ಕಲ್ಲಿನ ಮೇಲಿದೆ. ಅದಕ್ಕಿಂತ ಹೆಚ್ಚಿನದು ಗೋಡೆಯ ಮೇಲೆ ಕೊರೆದ ಚಿತ್ರ: ಜೋಡಿ ಜೋಡಿಯಾಗಿ ಕಟ್ಟಿದ ದನಗಳ ಸಾಲು, ಅವು ಎಳೆಯುತ್ತಿರುವ ಬಂಡಿ, ಬಂಡಿಯ ಮೇಲೆ ಅದೇ ಉದ್ದನೆಯ ಕಲ್ಲು. ಏಳುನೂರು ವರ್ಷಗಳಿಗೂ ಹಿಂದೆ ಯಾರೋ ಒಬ್ಬ ಕಲ್ಲುಕುಟಿಗ, ಈ ಭಾರವನ್ನು ತಂದದ್ದು ಹೇಗೆಂದು ಮುಂದಿನವರಿಗೆ ತಿಳಿಯಲಿ ಎಂದು ಸಾಲು ಗೆರೆಗಳಲ್ಲಿ ಬಿಡಿಸಿಟ್ಟಿದ್ದಾನೆ. ನೀವು ಮತ್ತು ನಾನು ಮಾಡುವ ಕೆಲಸವನ್ನೇ ಅವನೂ ಮಾಡಿದ್ದಾನೆ. ಅವನ ಗೆರೆಯನ್ನೇ ಚೀಟಿಗೆ ತರಬೇಕು.

ಆದರೆ ಉದ್ದದ ವಸ್ತುವನ್ನು ಒಂದು ಚೀಟಿಯಲ್ಲಿ ತುರುಕಿದರೆ ದನಗಳು ಇರುವೆಗಳಾಗುತ್ತವೆ. ಇಲ್ಲಿ ಜೋಡಿಚೀಟಿಯ ವಿಧಾನ ನೆರವಿಗೆ ಬರುತ್ತದೆ, ಅಂಚೆಚೀಟಿಯವರು ಸೆ-ಟೆನೆಂಟ್ ಎನ್ನುವುದು ಇದನ್ನೇ. ಅಡ್ಡಡ್ಡಲಾಗಿ ಮೂರು ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ 11.73 ಸೆಂಟಿಮೀಟರಿನ ಪಟ್ಟಿ ಸಿಗುತ್ತದೆ. ಮೊದಲ ಚೀಟಿಯಲ್ಲಿ ಎಳೆಯುವ ದನಗಳು, ನಡುವಿನದರಲ್ಲಿ ಹಗ್ಗ ಮತ್ತು ಬಂಡಿಯ ಮುಂಭಾಗ, ಕೊನೆಯದರಲ್ಲಿ ಕಲ್ಲಿನ ಹಿಂತುದಿ. ಕಲ್ಲು ರಂಧ್ರದ ಸಾಲನ್ನು ದಾಟಿ ಪಕ್ಕದ ಚೀಟಿಗೆ ಹೋಗಲಿ. ಅದನ್ನು ಹರಿಯುವವರ ಬೆರಳಿಗೆ ಆ ಕಲ್ಲಿನ ಉದ್ದ ತಾಗಬೇಕು. ಒಂದೇ ಷರತ್ತೆಂದರೆ, ಹರಿದು ಬಿಡಿಯಾಗಿ ಲಕೋಟೆಗೆ ಹಚ್ಚಿದಾಗಲೂ ಪ್ರತಿ ಚೀಟಿ ತನ್ನಷ್ಟಕ್ಕೆ ಪೂರ್ಣವಾಗಿರಬೇಕು. ಬರೀ ಕಲ್ಲಿನ ತುಂಡು ಮಾತ್ರ ಇರುವ ನಡುವಿನ ಚೀಟಿ ಒಂಟಿಯಾದಾಗ ಏನೂ ಹೇಳುವುದಿಲ್ಲ. ಅದಕ್ಕೇ ಬಂಡಿಯ ಮುಂಭಾಗ ಅಲ್ಲಿಯೇ ಬರಲಿ ಎಂದದ್ದು.

ಹಿರೇಬೆಣಕಲ್ ನಿಮ್ಮ ಜಿಲ್ಲೆಯದೇ ಆದ್ದರಿಂದ ಹೆಚ್ಚು ಹೇಳಬೇಕಿಲ್ಲ. ಬೃಹತ್ ಶಿಲಾಯುಗದ ನಾಲ್ಕುನೂರರಷ್ಟು ರಚನೆಗಳಿರುವ ಆ ಗುಡ್ಡ 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಊರವರು ಮೋರೇರ ಮನೆಗಳು ಎಂದು ಕರೆಯುವ ಕಲ್ಲುಚಪ್ಪಡಿಯ ಕೋಣೆಗಳ ಇಡೀ ಸಾಲನ್ನು ನೀವು ಬರೆದಿದ್ದೀರಿ, ಕುಗ್ಗಿಸಿದಾಗ ಅದು ಬಿದ್ದ ಗೋಡೆಯಂತೆ ಕಾಣುತ್ತದೆ. ಒಂದೇ ಕೋಣೆಯ ಮುಂದೆ ಕೂತು, ಅದರ ಚಪ್ಪಡಿಯಲ್ಲಿ ಕೊರೆದ ದುಂಡನೆಯ ಕಿಂಡಿಯನ್ನು ನಡುವಿಗೆ ತನ್ನಿ. ತಿಳಿ ಕಲ್ಲಿನ ನಡುವೆ ಒಂದು ಕಪ್ಪು ವೃತ್ತ: ಎಷ್ಟು ಕುಗ್ಗಿಸಿದರೂ ಅದು ಅಳಿಯುವುದಿಲ್ಲ. ಮಾತಾಡುವ ಕಲ್ಲಿನ ದಾರಕ್ಕೆ ಅಲ್ಲಿಯ ಕಲ್ಲಿನ ನಗಾರಿ ಇನ್ನೂ ಹತ್ತಿರ. ಬಂಡೆಗಳ ಮೇಲೆ ಕೂತ ಆ ಅರ್ಧಗೋಳದ ಕಲ್ಲನ್ನು ಬಡಿದರೆ ಬಹುದೂರ ಕೇಳುತ್ತದೆ. ನಗಾರಿಯನ್ನು ಬರೆಯುವಿರಾದರೆ ಕೆಳಗಿನಿಂದ ತಲೆಯೆತ್ತಿ ನೋಡಿದಂತೆ, ಆಕಾಶಕ್ಕೆ ಎದುರಾಗಿ ಬರೆಯಿರಿ. ಕಿಂಡಿ, ನಗಾರಿ ಎರಡನ್ನೂ ಒಂದೇ ಚೀಟಿಯಲ್ಲಿ ಸೇರಿಸುವ ಆಸೆಗೆ ಮಾತ್ರ ಬೀಳಬೇಡಿ.

ನಗಾರಿಗೆ ಜೊತೆಯಾಗಿ ಬಳ್ಳಾರಿಯ ಹತ್ತಿರದ ಸಂಗನಕಲ್ಲು ಕುಪ್ಪಗಲ್ಲು ಗುಡ್ಡವನ್ನು ಸೇರಿಸಿಕೊಳ್ಳಿ. ಅಲ್ಲಿ ನೂತನ ಶಿಲಾಯುಗದವರ ನೆಲೆಯಿತ್ತು. ಕರಿಯ ಡೋಲರೈಟ್ ಬಂಡೆಗಳ ಸಾಲಿನಲ್ಲಿ ಎತ್ತು, ಮನುಷ್ಯರ ಗೀರುಚಿತ್ರಗಳಿವೆ, ಬಡಿದು ಬಡಿದು ಗುಳಿಬಿದ್ದ ಬಂಡೆಗಳಿವೆ. ಆ ಗುಳಿಗಳಲ್ಲಿ ಸಣ್ಣ ಕಲ್ಲಿನಿಂದ ತಟ್ಟಿದರೆ ಗಂಟೆಯ ಹಾಗೆ ದನಿ ಬರುತ್ತದೆ. ನಿಮ್ಮ ಪಟ್ಟಿಯಲ್ಲಿಲ್ಲದ ಇನ್ನೊಂದು ಊರು ಹುಮನಾಬಾದ ಬಳಿಯ ಜಲಸಂಗಿ. ಅಲ್ಲಿಯ ಚಾಲುಕ್ಯ ಕಾಲದ ಗುಡಿಯ ಹೊರಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ಮೈತಿರುಗಿಸಿ ನಿಂತು ಫಲಕದ ಮೇಲೆ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತಿದ್ದಾಳೆ. ಇಡೀ ವಿಗ್ರಹಕ್ಕಿಂತ ಬರೆಯುವ ಕೈ ಮತ್ತು ಫಲಕವನ್ನು ಮಾತ್ರ ತೆಗೆದುಕೊಂಡರೆ ಚೀಟಿ ಗಟ್ಟಿಯಾಗುತ್ತದೆ.

ಇಟಗಿಯ ವಿಷಯದಲ್ಲಿ ನಿಮಗೆ ಬೇಸರವಾಗಬಹುದು, ಏಕೆಂದರೆ ಎಂಟರಲ್ಲಿ ಅದೇ ನಿಮ್ಮ ಅತ್ಯುತ್ತಮ ಚಿತ್ರ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಆ ಗುಡಿಯನ್ನು ಅಲ್ಲಿಯ ಶಾಸನವೇ ದೇವಾಲಯ ಚಕ್ರವರ್ತಿ ಎಂದಿದೆ. ಚಕ್ರವರ್ತಿಯನ್ನು ಇಡಿಯಾಗಿ ಎರಡು ಬೆರಳಿನ ಜಾಗದಲ್ಲಿ ಕೂರಿಸಲಾಗದು. ಮಂಟಪದ ತಿರುಗಣೆ ಕಂಬವೊಂದನ್ನು ತೆಗೆದುಕೊಳ್ಳಿ. ಬಳಪದ ಕಲ್ಲಿನಲ್ಲಿ ಕಡೆದ ಆ ಕಂಬದ ಬಳೆಗಳ ಮೇಲೆ ಬೆಳಕು ಬೀಳುವಾಗ ಒಂದೊಂದು ಬಳೆಗೂ ಒಂದೊಂದು ಬಿಳಿ ಗೆರೆ ಮೂಡುತ್ತದೆ. ಆ ಗೆರೆಗಳನ್ನು ಬಣ್ಣದಿಂದ ಹಚ್ಚದೆ ಕಾಗದದ ಬಿಳಿಯನ್ನೇ ಬಿಟ್ಟು ತೋರಿಸಿ. ಜಲವರ್ಣದಲ್ಲಿ ನಿಮ್ಮ ಕೈ ಪಳಗಿದೆ, ನಿಮಗಿದು ಕಷ್ಟವಲ್ಲ. ಶಿಖರವಿರುವ ದೊಡ್ಡ ಚಿತ್ರವನ್ನು, ಚೀಟಿಯ ಬಿಡುಗಡೆಯ ದಿನ ಅದರ ಜೊತೆಗೆ ಹೊರಬರುವ ಪ್ರಥಮ ದಿನದ ಲಕೋಟೆಗೆ ಇಟ್ಟುಕೊಳ್ಳಿ, ಅದಕ್ಕೆ ಅಲ್ಲಿ ಬೇಕಾದಷ್ಟು ಜಾಗವಿದೆ.

ಬಿಟ್ಟುಹೋಗುವ ಮೂರರಲ್ಲಿ ಬೀದರಿನ ಕರೇಜ್ ಬಹಳ ಒಳ್ಳೆಯ ವಸ್ತು, ಆದರೆ ಅದು ನೀರಿನ ಕಥೆ. ಬಹಮನಿಗಳ ಕಾಲದ ಆ ನೆಲದಡಿಯ ಕಾಲುವೆಯನ್ನು ಸೀಳಿ ತೋರಿಸುವ ಅಡ್ಡನೋಟವಾಗಿ ಬರೆದು ಮುಂದೊಂದು ನೀರಿನ ಸರಣಿಗೆ ಕಾದಿಡಿ. ಮುದಗಲ್ಲಿನ ಜೀವ ಕೋಟೆಯಲ್ಲಿಲ್ಲ, ಊರೆಲ್ಲ ಸೇರಿ ಮಾಡುವ ಮೊಹರಮ್ಮಿನಲ್ಲಿದೆ. ಅದು ಹಬ್ಬಗಳ ಸರಣಿಗೆ ಸೇರಿದ್ದು. ಮಳಖೇಡದ ಬಗ್ಗೆ ನಾನು ಬಹಳ ಯೋಚಿಸಿದೆ. ರಾಷ್ಟ್ರಕೂಟರ ರಾಜಧಾನಿ, ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ಊರು; ಕನ್ನಡದವರು ಅದನ್ನು ಬಿಡುವುದು ಹೇಗೆ? ಆದರೆ ನೀವು ಕೋಟೆಯ ಹಿಂದೆ ಮೋಡದಲ್ಲಿ ಕಿರೀಟಧಾರಿ ನೃಪತುಂಗನ ಮುಖ ಬರೆದಿದ್ದೀರಿ. ಆ ಮುಖ ನಮ್ಮ ಕಲ್ಪನೆಯದು. ಮಸ್ಕಿ, ಸನ್ನತಿಗಳಲ್ಲಿ ಕಲ್ಲು ತಾನೇ ಹೇಳಿದ್ದನ್ನು ಮಾತ್ರ ಬರೆದು, ಇಲ್ಲಿ ನಾವೇ ಹುಟ್ಟಿಸಿದ ಮುಖವನ್ನಿಟ್ಟರೆ ಇಡೀ ಸರಣಿಯ ಪ್ರಾಮಾಣಿಕತೆಗೆ ಧಕ್ಕೆ. ಕಾಗಿಣಾ ನದಿಯ ದಂಡೆಯಲ್ಲಿ ಕೂತು ಅಲ್ಲಿ ಇಂದಿಗೂ ಇರುವ ಯಾವುದಾದರೂ ಒಂದು ವಸ್ತು ನಿಮ್ಮನ್ನು ಹಿಡಿದರೆ ಅದನ್ನು ಎಂಟನೆಯದಾಗಿ ಸೇರಿಸಿ. ಇಲ್ಲವಾದರೆ ಏಳೇ ಸಾಕು.

ಬಣ್ಣದ ಸಮಸ್ಯೆಗೆ ಉತ್ತರ ಆ ಊರುಗಳ ಕಲ್ಲಿನಲ್ಲಿಯೇ ಇದೆ. ನೀವು ಎಲ್ಲ ಕಲ್ಲಿಗೂ ಒಂದೇ ಕಂದು ಹಚ್ಚಿದ್ದೀರಿ. ನಿಮ್ಮ ಸೀಮೆಯಲ್ಲಿ ಕಲ್ಲು ಜಿಲ್ಲೆಗೊಂದು ಬಗೆ: ಕೊಪ್ಪಳ, ರಾಯಚೂರಿನ ಕಣಶಿಲೆಯಲ್ಲಿ ಬೂದಿಯ ಜೊತೆ ತುಸು ಗುಲಾಬಿಯಿದೆ, ಕನಗನಹಳ್ಳಿಯ ಸುಣ್ಣದ ಕಲ್ಲು ಬಿಳಿಚು, ಬೆಳಿಗ್ಗೆ ನೋಡಿದರೆ ಹಾಲಿನ ಕೆನೆಯಂತೆ, ಇಟಗಿಯ ಬಳಪದ ಕಲ್ಲಿನಲ್ಲಿ ಹಸಿರು ಛಾಯೆ, ಸಂಗನಕಲ್ಲಿನದು ಕಪ್ಪು. ಒಂದು ಚೀಟಿಗೆ ಒಂದು ಕಲ್ಲಿನ ಬಣ್ಣ ಮತ್ತು ಅದಕ್ಕೆ ಎದುರಾದ ಒಂದು ಹಿನ್ನೆಲೆಯ ಬಣ್ಣ, ಎರಡನ್ನೇ ಇಟ್ಟುಕೊಂಡರೆ ಏಳು ಊರುಗಳ ಚೀಟಿಗಳೂ ದೂರದಿಂದಲೇ ಬೇರೆ ಬೇರೆಯಾಗಿ ಕಾಣುತ್ತವೆ, ಹಾಳೆಯಲ್ಲಿ ಸೇರಿದಾಗ ಸೀಮೆಯ ನೆಲದ ನಕ್ಷೆಯಾಗುತ್ತವೆ.

ಮೂಲಚಿತ್ರವನ್ನು ಚೀಟಿಯ ನಾಲ್ಕು ಪಟ್ಟು, ಅಂದರೆ 11.6 × 15.6 ಸೆಂಟಿಮೀಟರಿನಲ್ಲಿ ಬರೆಯಿರಿ. ನಿಮ್ಮ ಈಗಿನ ಚಿತ್ರಗಳು ಅದರ ಮೂರರಷ್ಟು ದೊಡ್ಡವು, ದೊಡ್ಡ ಹಾಳೆ ಸಿಕ್ಕಾಗ ಕೈ ತಾನಾಗಿ ವಿವರ ತುಂಬುತ್ತದೆ. ನಾಲ್ಕು ಪಟ್ಟಿನಲ್ಲಿ 1 ಮಿಲಿಮೀಟರಿನ ಗೆರೆ ಮುದ್ರಣದಲ್ಲಿ ಕಾಲು ಮಿಲಿಮೀಟರ್ ಆಗುತ್ತದೆ. ಅದಕ್ಕಿಂತ ಸಣ್ಣ ಗೆರೆ ಎಳೆಯಬೇಡಿ. ಹೆಸರಿನ ಅಕ್ಷರ 8 ಮಿಲಿಮೀಟರಿಗಿಂತ ಎತ್ತರವಿರಲಿ. ರಂಧ್ರ ಹೊಡೆಯುವಾಗ ಹಾಳೆ ಕೂದಲೆಳೆಯಷ್ಟು ಸರಿಯುವುದುಂಟು, ಆದ್ದರಿಂದ ಮುಖ್ಯವಾದದ್ದು ಯಾವುದೂ ಅಂಚಿಗೆ ತಾಗಿರಬಾರದು. ಚಿತ್ರದ ಒಂದು ಮೂಲೆ ಠಸ್ಸೆಯ ಕಪ್ಪಿಗೆ ಬಲಿಯಾಗುತ್ತದೆಂಬುದನ್ನೂ ನೆನಪಿನಲ್ಲಿಡಿ. ಇನ್ನೊಬ್ಬರ ಛಾಯಾಚಿತ್ರದ ಮೇಲೆ ಕಾಗದವಿಟ್ಟು ಗೆರೆ ತೆಗೆಯಬೇಡಿ, ಅದರ ಹಕ್ಕು ಅವರದು. ನಿಮ್ಮ ಸ್ಥಳದ ರೇಖಾಚಿತ್ರದ ಪುಸ್ತಕವೇ ನಿಮಗೆ ದಾಖಲೆ.

ಊರಿನ ಹೆಸರುಗಳನ್ನು ಹಿಂದಿ, ಇಂಗ್ಲಿಷಿಗೆ ತರುವಾಗ ನೀವೇ ಬರೆದುಕೊಡಿ, ಬೇರೆಯವರ ಊಹೆಗೆ ಬಿಡಬೇಡಿ. ಹಿರೇಬೆಣಕಲ್ಲಿನ ಣಕಾರ ದೇವನಾಗರಿಯಲ್ಲಿ ನಕಾರವಾಗಿಬಿಡುತ್ತದೆ. ಜಲಸಂಗಿ ಇಂಗ್ಲಿಷಿನಲ್ಲಿ ಜಲಸಂಗ್ವಿಯಾಗಿದೆ, ಮಳಖೇಡದ ಳಕಾರ ಲಕಾರವಾಗಿದೆ. ಹೆಚ್ಚು ಜನಕ್ಕೆ ಗೊತ್ತಿಲ್ಲದ ಊರಿನ ಹೆಸರು ಚೀಟಿಯಲ್ಲಿ ತಪ್ಪಾಗಿ ಬಂದರೆ ಆ ತಪ್ಪೇ ಲೋಕದಲ್ಲಿ ನಿಲ್ಲುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಸ್ಮರಣಾರ್ಥ ಅಂಚೆಚೀಟಿಯನ್ನು ತೀರ್ಮಾನಿಸುವುದು ದೆಹಲಿಯಲ್ಲಿ. ಯಾರು ಬೇಕಾದರೂ ಪ್ರಸ್ತಾವ ಕಳಿಸಬಹುದು. ಫಿಲಾಟೆಲಿ, ಅಂದರೆ ಅಂಚೆಚೀಟಿಗಳ, ಸಲಹಾ ಸಮಿತಿಯ ಮುಂದೆ ಅದು ಹೋಗುತ್ತದೆ, ಬಯಸಿದ ದಿನಾಂಕಕ್ಕೆ ಎರಡು ವರ್ಷ ಮೊದಲೇ ಕಳಿಸುವುದು ರೂಢಿ. ಒಪ್ಪಿಗೆ ಸಿಕ್ಕರೂ ಚಿತ್ರ ನಿಮ್ಮದೇ ಆಗಿರುತ್ತದೆಂಬ ಖಾತರಿಯಿಲ್ಲ. ಪ್ರಸ್ತಾವದಲ್ಲಿ 'ನಮ್ಮ ಭಾಗಕ್ಕೆ ಅನ್ಯಾಯವಾಗಿದೆ' ಎಂದು ಬರೆಯುವುದಕ್ಕಿಂತ, ಅಶೋಕ ಬರೆಸಿದ, ಅವನ ಹೆಸರಿರುವ ನಾಲ್ಕು ಶಾಸನಗಳಲ್ಲಿ ಮೂರು ಇಲ್ಲಿವೆ ಎಂಬ ಒಂದು ವಾಕ್ಯ ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಸಮಿತಿ ನೋಡುವುದು ದೇಶಕ್ಕೆ ಸಲ್ಲುವ ಮಹತ್ವವನ್ನು.

ಅಲ್ಲಿಯವರೆಗೆ ಹತ್ತಿರದ ದಾರಿಗಳಿವೆ. 2011ರಲ್ಲಿ ಆರಂಭವಾದ ಮೈ ಸ್ಟಾಂಪ್ ಯೋಜನೆಯಲ್ಲಿ 12 ಚೀಟಿಗಳ ಒಂದು ಹಾಳೆಯಲ್ಲಿ, ಇಲಾಖೆಯ ಚೀಟಿಯ ಜೊತೆಗೆ ನಿಮ್ಮ ಚಿತ್ರ ಮುದ್ರಿಸಿಕೊಡುತ್ತಾರೆ. ಶಾಲೆಯ ವಾರ್ಷಿಕೋತ್ಸವಕ್ಕೆ ಚೆನ್ನ. ವಿಶೇಷ ಲಕೋಟೆಯನ್ನು ಕರ್ನಾಟಕ ಅಂಚೆ ವೃತ್ತದ ಮಟ್ಟದಲ್ಲಿಯೇ ಹೊರತರುತ್ತಾರೆ, ವೆಚ್ಚ ಹೊರುವ ಸಂಸ್ಥೆಯೊಂದು ಬೇಕು. ನಾನು ನಿಮಗೆ ಮೊದಲು ಹೇಳುವುದು ಇವೆರಡನ್ನೂ ಅಲ್ಲ, ಶಾಶ್ವತ ಚಿತ್ರ ಠಸ್ಸೆಯನ್ನು. ಪ್ರೇಕ್ಷಣೀಯ ಸ್ಥಳದ ಅಂಚೆ ಕಚೇರಿಯಲ್ಲಿ ಆ ಸ್ಥಳದ ಚಿತ್ರವಿರುವ ಠಸ್ಸೆಯೊಂದನ್ನು ಕಾಯಮ್ಮಾಗಿ ಇಡುತ್ತಾರೆ. ಕೇಳಿದ ಯಾರ ಕಾಗದಕ್ಕಾದರೂ ಅದನ್ನು ಒತ್ತಿಕೊಡುತ್ತಾರೆ. ಚೀಟಿ ಒಮ್ಮೆ ಅಚ್ಚಾಗಿ ಖರ್ಚಾಗಿ ಮುಗಿಯುತ್ತದೆ, ಠಸ್ಸೆ ಆ ಊರಿನಲ್ಲಿಯೇ ಉಳಿಯುತ್ತದೆ. ಅದು ಬೇಕೆಂದವರು ಆ ಊರಿಗೆ ಬರಲೇಬೇಕು. ಒಂದೇ ಕಪ್ಪು ಶಾಯಿ, ಬಣ್ಣವಿಲ್ಲ, ನೆರಳಿಲ್ಲ. ಆ ಕಟ್ಟುಪಾಡಿನಲ್ಲಿ ನಿಂತ ಚಿತ್ರ ಚೀಟಿಯಲ್ಲಿ ಎಂದೂ ಸೋಲದು.

ಆದ್ದರಿಂದ ಬಣ್ಣದ ಪೆಟ್ಟಿಗೆಯನ್ನು ಮನೆಯಲ್ಲಿ ಬಿಟ್ಟು, ಮಸಿಯ ಪೆನ್ನು ಮತ್ತು 11.6 × 15.6ರ ಹಾಳೆಗಳನ್ನು ಹಿಡಿದು ಮೊದಲು ರಾಯಚೂರಿಗೆ ಹೋಗಿ. ಬೆಳಗಿನ ಓರೆ ಬಿಸಿಲಿನಲ್ಲಿ ಕೊರೆದ ಗೆರೆಗಳು ನೆರಳು ಹಿಡಿದು ಎದ್ದು ಕಾಣುತ್ತವೆ, ಮಧ್ಯಾಹ್ನ ಆ ದನಗಳು ಗೋಡೆಯೊಳಗೆ ಮಾಯವಾಗುತ್ತವೆ. ಬಂಡಿಗೆ ಎಷ್ಟು ಜೋಡಿ ಕಟ್ಟಿದ್ದಾರೆಂದು ಒಂದೊಂದಾಗಿ ಎಣಿಸಿ, ಎಣಿಸಿದಷ್ಟನ್ನೇ ಬರೆಯಿರಿ. ಮೂರು ಚೀಟಿಯ ಆ ಪಟ್ಟಿಯ ಮೊದಲ ಕರಡು ಸಿದ್ಧವಾದಾಗ ಲಕೋಟೆಯ ಮೇಲೆ ಅಂಟಿಸಿಯೇ ನನಗೆ ಕಳಿಸಿ.